ಆತ್ಮರಕ್ಷಣೆಗೆ ಯಾವುದು ಮೊದಲು: ಸೊಂಟದ ಪಿಸ್ತೂಲೋ, ಬರಿಗೈಯ ವಿದ್ಯೆಯೋ?

ಪ್ರಶ್ನೆ: ಕೆಲಸದ ನಿಮಿತ್ತ ನಾನು ರಾತ್ರಿ ಹೊತ್ತು ಒಬ್ಬಳೇ ಓಡಾಡಬೇಕಾಗುತ್ತದೆ. ಪರವಾನಗಿ ಪಡೆದು ಪಿಸ್ತೂಲು ಇಟ್ಟುಕೊಂಡರೆ ನಿಶ್ಚಿಂತೆ ಎಂದು ಅಣ್ಣ ಹೇಳುತ್ತಾನೆ. ಜೂಡೋ, ಕರಾಟೆಯಂಥದ್ದನ್ನು ಕಲಿ, ಕಲಿತದ್ದನ್ನು ಯಾರೂ ಕಸಿದುಕೊಳ್ಳಲಾರರು ಎಂದು ಗೆಳತಿ ಹೇಳುತ್ತಾಳೆ. ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕಾದರೆ ಯಾವುದನ್ನು ಆರಿಸಲಿ?

ಉತ್ತರ: ಒಂದನ್ನೇ ಆರಿಸಬೇಕೆಂದಾದರೆ ಬರಿಗೈಯ ವಿದ್ಯೆಯನ್ನು ಆರಿಸಿ, ಪಿಸ್ತೂಲಿನ ಯೋಚನೆ ಮಾಡಲೇಬೇಕೆಂದಿದ್ದರೆ ಅದನ್ನು ಆಮೇಲೆ ಮಾಡಿ. ಬಲದ ಲೆಕ್ಕ ಹಿಡಿದರೆ ಇವೆರಡಕ್ಕೂ ಹೋಲಿಕೆಯೇ ಇಲ್ಲ. 9 ಮಿಲಿಮೀಟರ್ ಪಿಸ್ತೂಲಿನ ಗುಂಡು ಸೆಕೆಂಡಿಗೆ ಸುಮಾರು 350 ಮೀಟರ್ ವೇಗದಲ್ಲಿ ಹೊರಡುತ್ತದೆ, ಅದರ ಮುಂದೆ ಯಾವ ಮುಷ್ಟಿಯೂ ನಿಲ್ಲದು. ಆದರೂ ನಾನು ಈ ಕ್ರಮವನ್ನೇ ಹೇಳುವುದಕ್ಕೆ ಕಾರಣ ಆಪತ್ತು ಬರುವ ರೀತಿ. ಅದು ಬಹುಪಾಲು ಕೈಯಳತೆಯೊಳಗೆ ಬರುತ್ತದೆ, ಮುನ್ಸೂಚನೆ ಕೊಡದೆ ಬರುತ್ತದೆ, ಪ್ರಾಣಕ್ಕೇ ಕುತ್ತೋ ಅಲ್ಲವೋ ಎಂಬುದು ತಿಳಿಯುವ ಮೊದಲೇ ಮೈಮೇಲೆ ಬೀಳುತ್ತದೆ, ಎಷ್ಟೋ ಸಲ ಪರಿಚಯದವರ ರೂಪದಲ್ಲೇ ಎದುರಾಗುತ್ತದೆ. ಅಂಥ ಹೊತ್ತಿಗೆ ಒದಗುವುದು ಮೈಗೂಡಿದ ವಿದ್ಯೆಯೇ ಹೊರತು ಸೊಂಟದಲ್ಲಿ ಬಟ್ಟೆಯಡಿ ಮರೆಯಾಗಿರುವ ಆಯುಧವಲ್ಲ.

ಮೊದಲು ದೂರದ ಮಾತು. 1983ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನಿಸ್ ಟುಲರ್ ಒಂದು ಸರಳವಾದ ಸಂಗತಿಯನ್ನು ಅಳೆದು ತೋರಿಸಿದರು. ಕತ್ತಿ ಹಿಡಿದ ಸಾಧಾರಣ ಮೈಕಟ್ಟಿನ ವ್ಯಕ್ತಿಯೊಬ್ಬ 21 ಅಡಿ, ಎಂದರೆ ಸುಮಾರು 6.4 ಮೀಟರ್ ದೂರವನ್ನು ಹೆಚ್ಚುಕಡಿಮೆ ಒಂದೂವರೆ ಸೆಕೆಂಡಿನಲ್ಲಿ ಓಡಿ ದಾಟುತ್ತಾನೆ. ಪಳಗಿದ ಪೊಲೀಸನೊಬ್ಬ ಒರೆಯಿಂದ ಪಿಸ್ತೂಲು ಸೆಳೆದು ಗುರಿಯಿಟ್ಟು ಗುಂಡು ಹಾರಿಸುವುದಕ್ಕೂ ಸುಮಾರು ಅಷ್ಟೇ ಹೊತ್ತು ಬೇಕು. ಆ ಪೊಲೀಸನ ಒರೆ ಹೊರಗೆ ಕಾಣುವಂತೆ ಸೊಂಟದ ಪಟ್ಟಿಯಲ್ಲಿತ್ತು, ಏನಾಗಲಿದೆ ಎಂಬುದೂ ಅವನಿಗೆ ಗೊತ್ತಿತ್ತು ಎಂಬುದನ್ನು ಮರೆಯಬಾರದು. ನಿಮ್ಮ ಪಿಸ್ತೂಲಾದರೋ ಅಂಗಿಯೊಳಗೋ ಕೈಚೀಲದ ತಳದಲ್ಲೋ ಇರುತ್ತದೆ, ಎದುರಿಗೆ ಬರುವವನು 21 ಅಡಿಯಾಚೆಯಿಂದ ಕೂಗಿ ಹೇಳಿ ಬರುವುದಿಲ್ಲ. ಗಂಟೆ ಎಷ್ಟಾಯಿತೆಂದು ಕೇಳುತ್ತಾನೆ, ದಾರಿ ಕೇಳುತ್ತಾನೆ, ಮಾತಾಡುತ್ತ ಆಡುತ್ತ ಒಂದೊಂದೇ ಹೆಜ್ಜೆ ಹತ್ತಿರವಾಗಿ, ಕೈ ಚಾಚಿದರೆ ಮುಟ್ಟುವ ಅಂತರಕ್ಕೆ ಬಂದ ಮೇಲೆಯೇ ತನ್ನ ನಿಜ ಬಣ್ಣ ತೋರಿಸುತ್ತಾನೆ.

ಇದನ್ನು ಮನೆಯಲ್ಲೇ ಒರೆಗೆ ಹಚ್ಚಿ ನೋಡಬಹುದು. ಮಕ್ಕಳ ಆಟಿಕೆ ಪಿಸ್ತೂಲೊಂದನ್ನು ಸೊಂಟಕ್ಕೆ ಸಿಕ್ಕಿಸಿ ಮೇಲೆ ಅಂಗಿ ಇಳಿಬಿಟ್ಟುಕೊಳ್ಳಿ, ನಿಮ್ಮ ಅಣ್ಣನನ್ನು ಏಳು ಹೆಜ್ಜೆ ಆಚೆ ನಿಲ್ಲಿಸಿ, ಅವನಿಗೆ ತೋಚಿದಾಗ ಓಡಿಬಂದು ನಿಮ್ಮ ಭುಜ ಮುಟ್ಟಲು ಹೇಳಿ. ಮೊದಲ ಸಲ ನಿಮ್ಮ ಎಡಗೈ ಅಂಗಿಯ ಅಂಚನ್ನು ಹುಡುಕುತ್ತಿರುವಾಗಲೇ ಅವನು ನಿಮ್ಮನ್ನು ಮುಟ್ಟಿರುತ್ತಾನೆ. ಎರಡನೆಯ ಸಲ ಅಂಗಿ ಮೇಲೆದ್ದರೂ ಹೆಬ್ಬೆರಳಿನ ಸಂದಿಗೆ ಬಟ್ಟೆಯ ಮಡಿಕೆ ಸಿಕ್ಕಿ ಹಿಡಿ ಸಡಿಲವಾಗುತ್ತದೆ. ಹತ್ತು ಸಲ ಮಾಡುವಷ್ಟರಲ್ಲಿ ಇನ್ನೊಂದು ವಿಚಾರ ತಾನಾಗಿ ಗಮನಕ್ಕೆ ಬರುತ್ತದೆ. ನೀವು ಗೆದ್ದ ಒಂದೆರಡು ಸಲ ಗೆದ್ದದ್ದು ಮೊದಲು ಪಕ್ಕಕ್ಕೆ ಸರಿದು, ಬಂದವನ ತೋಳನ್ನು ಎಡಗೈಯಿಂದ ತಳ್ಳಿ, ಆಮೇಲೆ ಸೊಂಟಕ್ಕೆ ಕೈಹಾಕಿದ್ದರಿಂದ. ಎಂದರೆ ಪಿಸ್ತೂಲು ಕೆಲಸಕ್ಕೆ ಬರಬೇಕಾದರೂ ಅದಕ್ಕೆ ಮುಂಚಿನ ಒಂದು ಸೆಕೆಂಡನ್ನು ಕಾಲು, ತೋಳುಗಳೇ ಗಳಿಸಿಕೊಡಬೇಕು.

ಕೈಕೈ ಮಿಲಾಯಿಸುವಷ್ಟು ಹತ್ತಿರವಾದ ಮೇಲೆ ಪರಿಸ್ಥಿತಿ ಮತ್ತಷ್ಟು ಬಿಗಡಾಯಿಸುತ್ತದೆ, ಏಕೆಂದರೆ ಹೊಯ್ದಾಟದಲ್ಲಿರುವ ಇಬ್ಬರ ನಡುವೆ ಸಿಕ್ಕಿದ ಪಿಸ್ತೂಲು ಯಾರ ಹಿಡಿತ ಬಲವೋ ಅವರದಾಗುತ್ತದೆ. ಒರೆಯ ಮೇಲೆ ಮೊಣಕೈ ಒತ್ತಿ ಹಿಡಿದು, ಸೊಂಟವನ್ನು ಎದುರಾಳಿಯಿಂದ ಆಚೆಗೆ ತಿರುಗಿಸಿ, ಕಸಿಯಲು ಬಂದ ಕೈಯ ಮಣಿಕಟ್ಟನ್ನು ತಿರುಚಿ ಬಿಡಿಸುವ ಪಟ್ಟುಗಳನ್ನು ಪೊಲೀಸರಿಗೆ ಬೇರೆಯಾಗಿಯೇ ಕಲಿಸುವುದು ಈ ಕಾರಣಕ್ಕೆ. ಈ ಪಟ್ಟುಗಳೆಲ್ಲ ಕುಸ್ತಿಗೂ ಜೂಡೋಗೂ ಸೇರಿದವು. ಅವು ಬಾರದವರ ಸೊಂಟದಲ್ಲಿ ಪಿಸ್ತೂಲಿದ್ದರೆ, ಎದುರಿಗೆ ಬಂದ ನಿರಾಯುಧನಿಗೆ ಆಯುಧ ಒಯ್ದು ಕೊಟ್ಟಂತಾಗುವ ಅಪಾಯ ಇದ್ದೇ ಇದೆ.

ಇನ್ನು ಪ್ರತಿಕ್ರಿಯೆಯ ಪ್ರಮಾಣ. ನನ್ನ ದೃಷ್ಟಿಯಲ್ಲಿ ಇದೇ ಎಲ್ಲಕ್ಕಿಂತ ಮುಖ್ಯವಾದದ್ದು. ಕೈ ಹಿಡಿದೆಳೆಯುವ ಕುಡುಕ, ಜಗಳದ ಭರದಲ್ಲಿ ನೂಕುವ ನೆರೆಯವ, ಸಲುಗೆಯ ಗೆರೆ ದಾಟುವ ಸಹೋದ್ಯೋಗಿ, ದಾರಿಗೆ ಅಡ್ಡ ನಿಂತು ಕದಲದ ಅಪರಿಚಿತ, ಇವರೆಲ್ಲರಿಂದಲೂ ನಿಮಗೆ ರಕ್ಷಣೆ ಬೇಕು; ಆದರೆ ಇವರಲ್ಲಿ ಯಾರ ಮೇಲೂ ಗುಂಡು ಹಾರಿಸುವುದನ್ನು ಕಾನೂನಾಗಲಿ ನಿಮ್ಮ ಮನಸ್ಸಾಗಲಿ ಒಪ್ಪುವುದಿಲ್ಲ. ಆತ್ಮರಕ್ಷಣೆಯ ಹಕ್ಕಿನ ವಿವರಗಳು ದೇಶದಿಂದ ದೇಶಕ್ಕೆ ಬೇರೆಯಾದರೂ ಅದರ ತಿರುಳು ಬಹುತೇಕ ಎಲ್ಲೆಡೆಯೂ ಒಂದೇ: ಅಪಾಯ ಆ ಗಳಿಗೆಯದಾಗಿರಬೇಕು, ಬಳಸಿದ ಬಲ ಅನಿವಾರ್ಯವಾಗಿರಬೇಕು, ಮತ್ತು ಅದು ಎದುರಾದ ಅಪಾಯಕ್ಕೆ ತಕ್ಕಷ್ಟೇ ಇರಬೇಕು. ಪಿಸ್ತೂಲಿಗೆ ಇರುವುದು ಒಂದೇ ಪ್ರಮಾಣ, ಪ್ರಾಣ ತೆಗೆಯುವಷ್ಟು. ಹೆದರಿಸಲೆಂದು ತೋರಿಸಿದರೂ ಸಾಕು, ಎಷ್ಟೋ ಕಡೆ ಅದೇ ಅಪರಾಧವಾಗುತ್ತದೆ. ತೋರಿಸಿದ ಮೇಲೂ ಎದುರಿನವನು ಹಿಂದೆಗೆಯದಿದ್ದರೆ ಮುಂದೇನು ಎಂಬ ಪ್ರಶ್ನೆಗೆ ಒಳ್ಳೆಯ ಉತ್ತರವಿಲ್ಲ. ಬರಿಗೈಯ ವಿದ್ಯೆಯಲ್ಲಾದರೆ ಮೆಟ್ಟಿಲುಗಳಿವೆ. ನಿಮ್ಮ ಮಣಿಕಟ್ಟನ್ನು ಒಬ್ಬ ಹಿಡಿದನೆಂದುಕೊಳ್ಳಿ. ಅವನ ನಾಲ್ಕು ಬೆರಳುಗಳು ಒಂದು ಪಕ್ಕ, ಹೆಬ್ಬೆರಳೊಂದೇ ಇನ್ನೊಂದು ಪಕ್ಕ. ಹಿಡಿತ ದುರ್ಬಲವಾಗಿರುವುದು ಹೆಬ್ಬೆರಳೂ ಬೆರಳತುದಿಗಳೂ ಕೂಡುವ ಸಂದಿಯಲ್ಲಿ. ಮುಂಗೈಯ ಕಿರಿದಾದ ಅಂಚು ಆ ಸಂದಿಗೆ ಬರುವಂತೆ ತಿರುಗಿಸಿ, ಒಂದು ಹೆಜ್ಜೆ ಒಳಕ್ಕಿಟ್ಟು ಮೊಣಕೈಯನ್ನು ಅವನತ್ತ ಮಡಚಿದರೆ ಕೈ ಬಿಡಿಸಿಕೊಳ್ಳುತ್ತದೆ. ಯಾರಿಗೂ ಗಾಯವಾಗದೆ ವಿಷಯ ಅಲ್ಲಿಗೇ ನಿಲ್ಲಬಹುದು. ನಿಲ್ಲದಿದ್ದರೆ ತಳ್ಳುವುದು, ಹೊಡೆಯುವುದು, ಕೆಡವಿ ಓಡುವುದು ಇನ್ನೂ ಬಾಕಿಯಿವೆ.

ಸಮರಕಲೆಯ ಹೆಸರಿನಲ್ಲಿ ಕಲಿಸುವುದೆಲ್ಲ ಈ ಭರವಸೆಗೆ ಯೋಗ್ಯ ಎಂದು ಮಾತ್ರ ಭಾವಿಸಬೇಡಿ. ಒಂಟಿಯಾಗಿ ಗಾಳಿಯಲ್ಲಿ ಆಡುವ ವರಸೆಗಳು ಮೈಗೆ ಚೆಂದದ ಶಿಸ್ತು ಕೊಡುತ್ತವೆ, ಆದರೆ ಎದುರಾಳಿ ತಿರುಗಿಬಿದ್ದಾಗ ಏನು ಮಾಡಬೇಕೆಂಬುದನ್ನು ಅವು ಕಲಿಸವು. ಜಿಗೊರೊ ಕಾನೊ 1882ರಲ್ಲಿ ಟೋಕಿಯೊದಲ್ಲಿ ಕೊಡೊಕಾನ್ ಶಾಲೆ ಕಟ್ಟಿ ಹಳೆಯ ಜುಜುತ್ಸುವನ್ನು ಜೂಡೋ ಆಗಿ ಮರುರೂಪಿಸಿದಾಗ ಅಭ್ಯಾಸದ ಕೇಂದ್ರಕ್ಕೆ ತಂದದ್ದು ರಾಂದೊರಿಯನ್ನು, ಎಂದರೆ ಎದುರಿನವನು ಮೈಯೊಡ್ಡದೆ ನಿಜವಾಗಿಯೂ ತಡೆಯುವ ಮುಕ್ತ ಹೋರಾಟವನ್ನು. ಅಪಾಯಕರ ಪಟ್ಟುಗಳನ್ನು ಬದಿಗಿಟ್ಟು, ಪೂರ್ತಿ ಶಕ್ತಿಯಿಂದ ಸಾವಿರ ಸಲ ಅಭ್ಯಾಸ ಮಾಡಬಹುದಾದ ಪಟ್ಟುಗಳನ್ನು ಉಳಿಸಿಕೊಂಡರೆ ಎರಡನೆಯವೇ ಕೆಲಸಕ್ಕೆ ಬರುತ್ತವೆ ಎಂಬುದು ಅಲ್ಲಿನ ತಿಳಿವು. 1993ರ ನವೆಂಬರ್ 12ರಂದು ಡೆನ್ವರ್ ನಗರದಲ್ಲಿ ನಡೆದ, ಬೇರೆ ಬೇರೆ ಸಮರಕಲೆಯವರು ಪರಸ್ಪರ ಸೆಣಸುವ ಯುಎಫ್‌ಸಿಯ ಮೊದಲ ಪಂದ್ಯಾವಳಿಯಲ್ಲಿ ಸುಮಾರು 80 ಕಿಲೋ ತೂಕದ ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಮಣಿಸಿದ್ದು, ಆ ಜೂಡೋದಿಂದಲೇ ಕವಲೊಡೆದ ಬ್ರೆಜಿಲಿಯನ್ ಜುಜುತ್ಸುವಿನಿಂದ.

ಆದರೆ ಆ ರಾತ್ರಿ ಒಂದು ಸಲಕ್ಕೆ ಎದುರಿಗಿದ್ದವನು ಒಬ್ಬನೇ, ನೆಲದ ಮೇಲೆ ಮೆತ್ತೆಯಿತ್ತು, ಯಾರ ಕೈಯಲ್ಲೂ ಕತ್ತಿಯಿರಲಿಲ್ಲ. ಬೀದಿಯಲ್ಲಿ ಈ ಮೂರೂ ಸೌಕರ್ಯಗಳಿಲ್ಲ. ಎದುರಿಗೆ ಮೂವರಿದ್ದಾಗ ನೆಲಕ್ಕೆ ಬೀಳುವುದು ದೊಡ್ಡ ಅಪಾಯ. ಬೀಳುವಾಗ ತಲೆ ಕಲ್ಲುಹಾಸಿಗೆ ಬಡಿದರೆ ಒಂದೇ ಪೆಟ್ಟು ಪ್ರಾಣಕ್ಕೆ ಎರವಾಗಬಹುದು. ತೂಕವೂ ಲೆಕ್ಕಕ್ಕೆ ಬರುತ್ತದೆ, ಬಾರದಿದ್ದರೆ ಪಂದ್ಯಗಳಲ್ಲಿ ತೂಕದ ವರ್ಗಗಳನ್ನು ಮಾಡುತ್ತಲೇ ಇರಲಿಲ್ಲ. ಕತ್ತಿಯ ವಿಷಯದಲ್ಲಂತೂ ಪ್ರಾಮಾಣಿಕ ಗುರುಗಳು ಮೊದಲ ದಿನವೇ ಹೇಳುವ ಮಾತು, ಅವನು ಕೇಳಿದ ವಸ್ತುವನ್ನು ಎಸೆದುಬಿಡಿ, ಓಡಿ. ಓಡಲು ದಾರಿಯೇ ಇಲ್ಲವಾದರೆ ಮಾತ್ರ ಎರಡೂ ಕೈಗಳಿಂದ ಕತ್ತಿಯ ತೋಳನ್ನು ಹಿಡಿಯಿರಿ, ಗಾಯವಾಗುತ್ತದೆಂದು ತಿಳಿದೇ ಹಿಡಿಯಿರಿ.

ನಿಮ್ಮಂತೆ ಒಂಟಿಯಾಗಿ ಓಡಾಡುವ ಮಹಿಳೆಯರಿಗೆ ನಾನು ಮತ್ತೆ ಮತ್ತೆ ಹೇಳುವ ಒಂದು ಅಧ್ಯಯನವಿದೆ. ಕೆನಡಾದ ಮನೋವಿಜ್ಞಾನಿ ಷಾರ್ಲೀನ್ ಸೆನ್ ಮತ್ತು ಅವರ ಸಂಗಡಿಗರು ಅಲ್ಲಿನ ಮೂರು ವಿಶ್ವವಿದ್ಯಾಲಯಗಳ 893 ವಿದ್ಯಾರ್ಥಿನಿಯರ ಮೇಲೆ ಇದನ್ನು ನಡೆಸಿ 2015ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ಮೂರು ಮೂರು ಗಂಟೆಯ ನಾಲ್ಕು ತರಗತಿ, ಒಟ್ಟು ಬರೀ ಹನ್ನೆರಡು ಗಂಟೆಯ ತರಬೇತಿ. ಇನ್ನೊಂದು ಗುಂಪಿಗೆ ಮಾಹಿತಿಪತ್ರ ಮಾತ್ರ. ವರ್ಷ ಕಳೆದಾಗ ಅತ್ಯಾಚಾರಕ್ಕೆ ಒಳಗಾದವರ ಪ್ರಮಾಣ ಎರಡನೆಯ ಗುಂಪಿನಲ್ಲಿ ನೂರಕ್ಕೆ 9.8 ಇದ್ದರೆ ತರಬೇತಿ ಪಡೆದವರಲ್ಲಿ 5.2 ಇತ್ತು. ಆ ಹನ್ನೆರಡು ಗಂಟೆಗಳಲ್ಲಿ ಹೊಡೆದಾಟಕ್ಕೆ ಮೀಸಲಾದದ್ದು ಸ್ವಲ್ಪವೇ ಭಾಗ. ಪರಿಚಿತನೊಬ್ಬನ ನಡವಳಿಕೆಯಲ್ಲಿ ಅಪಾಯದ ಸುಳಿವನ್ನು ಬೇಗ ಗುರುತಿಸುವುದು, ಅವನು ಬೇಸರಪಟ್ಟುಕೊಂಡಾನೆಂಬ ದಾಕ್ಷಿಣ್ಯವನ್ನು ಬಿಡುವುದು, ಗಟ್ಟಿಯಾಗಿ ಕೂಗುವುದು, ಹಿಂಜರಿಯದೆ ಪ್ರತಿರೋಧಿಸುವುದು, ಇವಕ್ಕೆಲ್ಲ ಅಲ್ಲಿ ಜಾಗವಿತ್ತು. ತಪ್ಪು ಎಂದೆಂದೂ ಅತ್ಯಾಚಾರಿಯದೇ ಎಂಬುದನ್ನು ಆ ತರಬೇತಿ ಒತ್ತಿಹೇಳುತ್ತಿತ್ತು, ನಾನೂ ಅದನ್ನು ಒತ್ತಿ ಹೇಳುತ್ತೇನೆ.

ಹಾಗಾದರೆ ನಿಮ್ಮ ಅಣ್ಣನ ಮಾತಿನಲ್ಲಿ ಹುರುಳಿಲ್ಲವೇ? ಇದೆ. ವಯಸ್ಸಾದವರಿಗೆ, ಅಂಗವೈಕಲ್ಯವುಳ್ಳವರಿಗೆ, ಕೊಲ್ಲುವುದಾಗಿ ಬೆದರಿಸಿ ಬೆನ್ನು ಹತ್ತಿದ ವ್ಯಕ್ತಿಯಿಂದ ತಪ್ಪಿಸಿಕೊಂಡು ಪೊಲೀಸರು ಬೇಗ ತಲುಪಲಾಗದ ಕಡೆ ಬದುಕುತ್ತಿರುವವರಿಗೆ ಯಾವ ಪಟ್ಟೂ ಸಾಲದೆ ಹೋಗಬಹುದು, ಅಲ್ಲಿ ದೇಹಬಲದ ಅಂತರವನ್ನು ಅಳಿಸಬಲ್ಲದ್ದು ಬಂದೂಕು ಒಂದೇ ಎಂಬ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅದನ್ನು ಕೊಂಡ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ, ಅಲ್ಲಿಂದ ಶುರುವಾಗುತ್ತದೆ. ಭಯದಲ್ಲಿ ಎದೆ ಡವಗುಟ್ಟುವಾಗ ಬೆರಳುಗಳ ನಯವಾದ ಹಿಡಿತ ತಪ್ಪುತ್ತದೆ, ನೋಟ ಕಿರಿದಾಗುತ್ತದೆ. ಅಮೆರಿಕದ ದೊಡ್ಡ ನಗರಗಳ ಪೊಲೀಸ್ ದಾಖಲೆಗಳನ್ನು ನೋಡಿದರೆ ನಿಜವಾದ ಘರ್ಷಣೆಯಲ್ಲಿ ತರಬೇತಾದ ಪೊಲೀಸರೇ ಹಾರಿಸಿದ ಗುಂಡುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗುರಿ ತಪ್ಪಿವೆ. ತಪ್ಪಿದ ಗುಂಡು ಮಾಯವಾಗುವುದಿಲ್ಲ, ತೆಳುಗೋಡೆಯನ್ನು ತೂರಿ ಆಚೆ ಇರುವವರನ್ನು ತಲುಪಬಲ್ಲದು. ವರ್ಷಕ್ಕೊಮ್ಮೆ ಗುರಿಯಭ್ಯಾಸಕ್ಕೆ ಹೋಗಿಬರುವವರದು ಯುದ್ಧಕಾಲೇ ಶಸ್ತ್ರಾಭ್ಯಾಸವೇ ಆದೀತು.

ಪಿಸ್ತೂಲು ಬೇಕಾಗುವ ಆ ಕೆಲವು ಸೆಕೆಂಡುಗಳು ಬದುಕಿನಲ್ಲಿ ಒಮ್ಮೆ ಬಂದರೂ ಬಂದಾವು, ಬಾರದೆಯೂ ಇದ್ದಾವು. ಉಳಿದ ಇಷ್ಟೂ ವರ್ಷ ಅದು ನಿಮ್ಮೊಂದಿಗೆ ಮನೆಯಲ್ಲೇ ಇರುತ್ತದೆ. ಅಮೆರಿಕದಲ್ಲಿ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ತಾವೇ ಪ್ರಾಣ ಕಳೆದುಕೊಂಡವರು. ಆದ್ದರಿಂದ ಮನೆಯಲ್ಲಿ ಮಕ್ಕಳಿದ್ದರೆ, ಮನಸ್ಸು ಕುಗ್ಗಿ ನೋಯುತ್ತಿರುವವರಿದ್ದರೆ, ಅಥವಾ ಅಂಥ ದಿನಗಳು ನಿಮಗೇ ಬಂದು ಹೋಗಿದ್ದರೆ, ಪಿಸ್ತೂಲು ಮನೆಯೊಳಗೆ ಬಾರದಿರುವುದೇ ಒಳಿತು. ಈಗಾಗಲೇ ಇದ್ದರೆ ಗುಂಡುಗಳನ್ನು ತೆಗೆದು ಬೇರೆ ಕಡೆ ಬೀಗ ಹಾಕಿಡಿ, ಪಿಸ್ತೂಲನ್ನು ಬೇರೆಯದೇ ಬೀಗದಲ್ಲಿಡಿ. ಹಾಗಿಟ್ಟಾಗ ತುರ್ತಿಗೆ ಸಿಗುವುದಿಲ್ಲವಲ್ಲ ಎಂದು ಕೇಳುವವರಿದ್ದಾರೆ, ನಿಜ, ಸಿಗುವುದಿಲ್ಲ. ಸುರಕ್ಷಿತವಾಗಿಡುವುದಕ್ಕೂ ತಕ್ಷಣ ಕೈಗೆ ಸಿಗುವುದಕ್ಕೂ ಇರುವ ಈ ತೊಡಕು ಪೂರ್ತಿಯಾಗಿ ಬಿಡಿಸಲಾಗದ್ದು. ಜಪಾನಿನಂಥ ದೇಶದಲ್ಲಿ ಸಾಮಾನ್ಯ ನಾಗರಿಕರಿಗೆ ಪಿಸ್ತೂಲು ಒಯ್ಯುವ ಅವಕಾಶವೇ ಇಲ್ಲ, ಅಮೆರಿಕದ ಹಲವು ರಾಜ್ಯಗಳಲ್ಲಿ ಅದಕ್ಕೆ ಪರವಾನಗಿಯೂ ಬೇಕಿಲ್ಲ. ನೀವಿರುವ ಕಡೆಯ ಕಾನೂನು ಏನೆಂಬುದನ್ನು ವಕೀಲರೊಬ್ಬರಿಂದ ಮೊದಲೇ ತಿಳಿದುಕೊಳ್ಳಿ.

ತರಗತಿ ಆರಿಸುವಾಗ ಕಲೆಯ ಹೆಸರಿಗಿಂತ ಕಲಿಸುವ ರೀತಿಯನ್ನು ನೋಡಿ. ಸೇರುವ ಮುನ್ನ ಒಂದು ಸಂಜೆ ಮೂಲೆಯಲ್ಲಿ ಕುಳಿತು ಗಮನಿಸಿ: ವಿದ್ಯಾರ್ಥಿಗಳು ಪರಸ್ಪರ ನಿಜವಾಗಿ ತಡೆಯುತ್ತಾರೆಯೇ, ಬೆವರಿ ಏದುಸಿರು ಬಿಡುತ್ತಾರೆಯೇ, ಹಳಬರೂ ಆಗಾಗ ಸೋಲುತ್ತಾರೆಯೇ, ಹೆಂಗಸರು ತಮಗಿಂತ ಭಾರದವರೊಂದಿಗೂ ಅಭ್ಯಾಸ ಮಾಡುತ್ತಾರೆಯೇ, ನಿಲ್ಲಿಸು ಎಂದು ತಟ್ಟಿದ ತಕ್ಷಣ ಜೊತೆಗಾರ ಬಿಡುತ್ತಾನೆಯೇ. ಜೂಡೋ, ಕುಸ್ತಿ, ಬಾಕ್ಸಿಂಗ್, ಮುವಾಯ್ ಥಾಯ್, ಬ್ರೆಜಿಲಿಯನ್ ಜುಜುತ್ಸು, ಯಾವುದಾದರೂ ಆದೀತು. ಎರಡೇ ವಾರದಲ್ಲಿ ಕತ್ತಿ ಕಸಿಯುವುದನ್ನು ಕಲಿಸುತ್ತೇವೆ ಎನ್ನುವ ಕಡೆಯಿಂದ ಎದ್ದು ಬನ್ನಿ. ವಾರಕ್ಕೆ ಎರಡು ದಿನದಂತೆ ಒಂದು ವರ್ಷ ಬಿಡದೆ ಹೋಗಿ, ಅದರ ಜೊತೆಗೆ ಬಿದ್ದೆದ್ದು ಓಡುವುದನ್ನೂ ರೂಢಿ ಮಾಡಿಕೊಳ್ಳಿ. ಆ ವರ್ಷ ಮುಗಿದ ಮೇಲೂ ಪಿಸ್ತೂಲು ಬೇಕೆನ್ನಿಸಿದರೆ, ನಿಮ್ಮ ಅಣ್ಣನನ್ನು ಮತ್ತೊಮ್ಮೆ ಏಳು ಹೆಜ್ಜೆ ಆಚೆ ನಿಲ್ಲಿಸಿ ಆ ಆಟಿಕೆಯ ಪರೀಕ್ಷೆ ಮಾಡಿ, ಆಮೇಲೆ ಅರ್ಜಿ ಹಾಕುವ ವಿಚಾರ ಮಾಡಬಹುದು.