ಕೊಡಲಿಯೇಟು ಬಿದ್ದ ವರ್ಷ 1021

ಕೊಲಂಬಸ್ ಕೆರಿಬಿಯನ್ ದ್ವೀಪಗಳಿಗೆ ಬಂದಿಳಿದದ್ದು 1492ರಲ್ಲಿ. ಅದಕ್ಕೂ 471 ವರ್ಷ ಮೊದಲೇ ಯುರೋಪಿನಿಂದ ಬಂದವರು ಅಮೆರಿಕ ಖಂಡದ ನೆಲದಲ್ಲಿ ಮರ ಕಡಿದಿದ್ದರು. ಈ ಲೆಕ್ಕ ಸಿಕ್ಕಿದ್ದು ಅವರು ಬೇಡ ಅಂತ ಬಿಸಾಕಿದ ಮರದ ಚೂರುಗಳಿಂದ.

ಜಾಗ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಉತ್ತರ ತುದಿಯ ಲಾನ್ಸ್ ಓ ಮೆಡೋಸ್. 1960ರಲ್ಲಿ ನಾರ್ವೆಯ ಹೆಲ್ಗೆ ಇಂಗ್‌ಸ್ಟಾಡ್ ಉತ್ತರ ಯುರೋಪಿನ ಹಳೆಯ ಕಡಲಯಾನಿಗಳಾದ ವೈಕಿಂಗರ ನೆಲೆ ಹುಡುಕುತ್ತಾ ಅಲ್ಲಿಗೆ ಬಂದರು. ಜಾರ್ಜ್ ಡೆಕ್ಕರ್ ಎಂಬ ಊರಿನವರು ಹುಲ್ಲು ಬೆಳೆದ ದಿಬ್ಬಗಳನ್ನು ತೋರಿಸಿದರು. ಹೆಲ್ಗೆಯವರ ಪತ್ನಿ, ಪುರಾತತ್ವಜ್ಞೆ ಆನ್ನೆ ಸ್ಟೀನೆ, ವರ್ಷಗಟ್ಟಲೆ ಅಗೆಸಿದರು. ಹುಲ್ಲುಹೆಂಟೆ ಪೇರಿಸಿ ಕಟ್ಟಿದ ಎಂಟು ಮನೆಗಳ ಅಡಿಪಾಯ, ಜೌಗಿನ ಅದಿರಿನಿಂದ ಕಬ್ಬಿಣ ತೆಗೆದ ಗುರುತು, ಕಂಚಿನ ಪಿನ್ನು, ನೂಲುವ ಕದಿರಿನ ಕಲ್ಲುಬಿಲ್ಲೆ ಸಿಕ್ಕವು. ಗ್ರೀನ್‌ಲ್ಯಾಂಡಿನಿಂದ ಪಡುವಣಕ್ಕೆ ಹೋದ ವೈಕಿಂಗ್ ಲೀಫ್ ಎರಿಕ್ಸನ್‌ನ ಕಥೆಗಳು ಬರೀ ಕಥೆಯಲ್ಲ ಅನ್ನೋದು ಗಟ್ಟಿಯಾಯಿತು.

ಆದರೆ ಯಾವ ವರ್ಷ? ಹಳೆಯ ಮರ, ಮೂಳೆಗಳ ವಯಸ್ಸು ಅಳೆಯುವ ಕಾರ್ಬನ್-14 ಪರೀಕ್ಷೆ ಸಾಮಾನ್ಯವಾಗಿ ಹತ್ತಾರು ವರ್ಷಗಳ ಅಂದಾಜು ಕೊಡುತ್ತದೆ, ಒಂದೇ ಒಂದು ವರ್ಷವನ್ನು ತೋರಿಸೋದಿಲ್ಲ. ಇಲ್ಲಿ ಆಕಾಶವೇ ನೆರವಿಗೆ ಬಂತು. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ವಾತಾವರಣಕ್ಕೆ ಬಡಿದಾಗ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ಹುಟ್ಟುತ್ತದೆ. ಮರಗಳು ಗಾಳಿಯ ಜೊತೆಗೆ ಅದನ್ನೂ ಹೀರಿ, ಆಯಾ ವರ್ಷದ ಉಂಗುರದಲ್ಲಿ ಕೂಡಿಡುತ್ತವೆ. ಕ್ರಿ.ಶ. 993ರ ಸುಮಾರಿಗೆ ಅದರ ಪ್ರಮಾಣ ಒಮ್ಮೆಲೇ ಏರಿತ್ತು. ಸೂರ್ಯನಲ್ಲಿ ಎದ್ದ ಭಾರಿ ಬಿರುಗಾಳಿಯೇ ಇದಕ್ಕೆ ಕಾರಣವಿರಬೇಕು. ಜಪಾನಿನ ಫುಸಾ ಮಿಯಾಕೆ ಮತ್ತು ಸಂಗಡಿಗರು 2013ರಲ್ಲಿ ಈ ಏರಿಕೆಯನ್ನು ವರದಿ ಮಾಡಿದರು. ಜಗತ್ತಿನಲ್ಲಿ ಆಗ ಬೆಳೆಯುತ್ತಿದ್ದ ಮರ ಯಾವ ಮೂಲೆಯಲ್ಲಿದ್ದರೂ ಒಂದೇ ರುಜು ಬಿತ್ತು ಅಂದುಕೊಳ್ಳಿ.

ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗೆನ್ ವಿಶ್ವವಿದ್ಯಾಲಯದ ಮಾರ್ಗೊಟ್ ಕೌಟೆಮ್ಸ್, ಮೈಕೆಲ್ ಡೀ ಮತ್ತು ಸಂಗಡಿಗರು ಆ ನೆಲೆಯ ಮೂರು ಮರದ ತುಂಡುಗಳನ್ನು ಆರಿಸಿಕೊಂಡರು. ಮೂರೂ ಬೇರೆ ಬೇರೆ ಮರದವು. ಮೂರರಲ್ಲೂ ಲೋಹದ ಅಲಗಿನಿಂದ ಕತ್ತರಿಸಿದ ನುಣುಪು ಗುರುತಿತ್ತು, ಅಲ್ಲಿನ ಮೂಲನಿವಾಸಿಗಳು ಅಂಥ ಅಲಗು ಬಳಸುತ್ತಿರಲಿಲ್ಲ. ತೊಗಟೆಯ ಅಂಚು ಉಳಿದಿದ್ದು ಇನ್ನೊಂದು ಅದೃಷ್ಟ. ಅಂಚು ಇಲ್ಲದಿದ್ದರೆ ಕೊನೆಯ ಉಂಗುರ ಯಾವುದು ಅಂತ ಹೇಳೋದು ಹೇಗೆ, ಅಲ್ವಾ? 993ರ ಉಂಗುರ ಸಿಕ್ಕ ಮೇಲೆ ಉಳಿದದ್ದು ಸುಮ್ನೆ ಎಣಿಕೆ. ಅಲ್ಲಿಂದ ಅಂಚಿನವರೆಗೆ 28 ವರ್ಷ. ಮೂರು ತುಂಡುಗಳೂ ಕೊಟ್ಟ ಉತ್ತರ 1021. ಫಲಿತಾಂಶ 2021ರಲ್ಲಿ ಪ್ರಕಟವಾಯಿತು.

ಇದನ್ನು ಅಮೆರಿಕದ ‘ಶೋಧ’ ಅಂತ ಕರೆಯೋದು ನನಗೆ ಒಪ್ಪಿಗೆಯಿಲ್ಲ. ಆ ಕರಾವಳಿಯಲ್ಲಿ ಸಾವಿರಾರು ವರ್ಷಗಳಿಂದ ಜನರಿದ್ದರು. ಬಂದವರು ಸ್ವಲ್ಪ ಕಾಲ ಇದ್ದು ಹಿಂದಿರುಗಿದರು.

ಆದರೆ ಅವರು ಅಲ್ಲೇ ಕೂತಿರಲಿಲ್ಲ. ಅದೇ ನೆಲೆಯಲ್ಲಿ ಬಟರ್‌ನಟ್ ಎಂಬ, ಅಕ್ರೋಟಿನ ಜಾತಿಯ ಕಾಯಿಗಳೂ ಸಿಕ್ಕಿವೆ. ನ್ಯೂಫೌಂಡ್‌ಲ್ಯಾಂಡಿನಲ್ಲಿ ಈ ಮರ ಬೆಳೆಯೋದಿಲ್ಲ. ಅದು ಕಾಣಸಿಗೋದು ದಕ್ಷಿಣದ ನ್ಯೂ ಬ್ರನ್ಸ್‌ವಿಕ್‌ನಿಂದ ಆಚೆಗೆ. ಅಲ್ಲಿ ಕಾಡು ದ್ರಾಕ್ಷಿಯೂ ಬೆಳೆಯುತ್ತದೆ. ಲೀಫ್‌ನ ಕಥೆಗಳಲ್ಲಿ ಬರುವ ದ್ರಾಕ್ಷಿಯ ನಾಡನ್ನು ಹುಡುಕುವವರು ಈಗ ನೋಡುತ್ತಿರುವುದು ಆ ದಿಕ್ಕಿಗೇ.