ಸಕ್ಕರೆ ಗಡಿಯಲ್ಲಿದೆ ಅಂದರು, ಕಡುಬು ಬಿಡಲೇಬೇಕಾ?

ಪ್ರಶ್ನೆ: ನಾನು ಮೂಡಿಗೆರೆ ಕಡೆಯವಳು, ವಯಸ್ಸು 46. ಹೋದ ತಿಂಗಳು ‘ಮೂರು ತಿಂಗಳ ಸಕ್ಕರೆ’ ಪರೀಕ್ಷೆ ಮಾಡಿಸಿದಾಗ 6.2 ಬಂತು. ಇನ್ನೂ ಕಾಯಿಲೆ ಅಲ್ಲ, ಗಡಿಯಲ್ಲಿದೆ, ಮಾತ್ರೆ ಬೇಡ, ಊಟ ಸರಿ ಮಾಡಿಕೊಳ್ಳಿ ಅಂದರು ಡಾಕ್ಟರು. ಅಕ್ಕಿ ಬಿಟ್ಟು ರಾಗಿಗೆ ಹೋಗು ಅಂತ ನೆಂಟರಿಷ್ಟರೆಲ್ಲ ಹೇಳಿದರು. ಮೂರು ವಾರದಿಂದ ಎರಡು ಹೊತ್ತೂ ಮುದ್ದೆ ತಿನ್ನುತ್ತಿದ್ದೇನೆ. ಆದರೆ ಮನೆಯಲ್ಲಿ ಅಕ್ಕಿ ತರಿಯ ಕಡುಬು ಬೇಯುವ ದಿನ ತಡೆದುಕೊಳ್ಳಲು ಆಗುವುದಿಲ್ಲ. ಹೋದ ಭಾನುವಾರ ಎಲ್ಲರೂ ತಿಂದು ಎದ್ದ ಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡೇ ಐದು ತಿಂದೆ, ಆಮೇಲೆ ಅಳು ಬಂತು. ಕಡುಬು ಪೂರ್ತಿ ಬಿಡಲೇಬೇಕಾ ಮೇಡಂ?

ಉತ್ತರ: ಬಿಡಬೇಕಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಹಸಿದವರಿಗೆ ಕೊನೆಯವರೆಗೆ ಓದುವ ತಾಳ್ಮೆ ಇರುವುದಿಲ್ಲ. ನಿಮ್ಮ ಪತ್ರ ಓದಿ ನನಗೆ ಕಳವಳವಾದದ್ದು ಆ ಐದು ಕಡುಬಿನಿಂದಲ್ಲ, ‘ಎರಡು ಹೊತ್ತೂ ಮುದ್ದೆ’ ಅನ್ನುವ ಮಾತಿನಿಂದ. ಎಷ್ಟು ದೊಡ್ಡ ಮುದ್ದೆ, ಯಾವ ಸಾರಿನ ಜೊತೆ ಅಂತ ನೀವು ಬರೆದಿಲ್ಲ. ಯಾರೂ ಬರೆಯುವುದಿಲ್ಲ.

6.2ರ ವಿಚಾರ ಬೇಗ ಮುಗಿಸೋಣ. ಈ ಪರೀಕ್ಷೆಯಲ್ಲಿ 5.7ಕ್ಕಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ, 5.7ರಿಂದ 6.4ರವರೆಗೆ ಗಡಿ, 6.5 ಮುಟ್ಟಿದರೆ ಮಧುಮೇಹ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟು ದಿನದಲ್ಲಿ ಅದರ ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿಕೊಂಡಿದೆ ಅನ್ನುವುದೇ ಈ ಸಂಖ್ಯೆ. ಹಾಗಾಗಿ ಮೂರು ವಾರದ ಮುದ್ದೆಯ ಫಲ ಈಗಲೇ ಅದರಲ್ಲಿ ಪೂರ್ತಿ ಕಾಣದು. ಇನ್ನೊಂದು ವಿಷಯ ನಿಮ್ಮ ವಯಸ್ಸಿನ ಹೆಂಗಸರಿಗೆ ಗೊತ್ತಿರಬೇಕು. ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಾಗಿ ರಕ್ತಹೀನತೆ ಇದ್ದರೆ ಈ ಸಂಖ್ಯೆ ಇರುವುದಕ್ಕಿಂತ ಸ್ವಲ್ಪ ಹೆಚ್ಚೇ ತೋರಿಸಬಹುದು. ಮುಂದಿನ ಸಲ ಹೋದಾಗ ಹಿಮೋಗ್ಲೋಬಿನ್ ಕೂಡ ನೋಡಿ ಅಂತ ಡಾಕ್ಟರಿಗೆ ಹೇಳಿ. ಅಂದಹಾಗೆ ಈ ಗಡಿಯಲ್ಲಿ ನೀವೊಬ್ಬರೇ ಇಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 15.3ರಷ್ಟು ಮಂದಿ ಇದೇ ಗಡಿಯಲ್ಲಿದ್ದಾರೆ, ಶೇ. 11.4ರಷ್ಟು ಮಂದಿ ದಾಟಿಯೂ ಆಗಿದೆ.

ಈಗ ಕಡುಬು. ನಮ್ಮ ಮನೆಯೂ ಅದೇ ಕಡೆಯದು, ಆದ್ದರಿಂದ ನಿಮ್ಮ ಸಂಕಟ ನನಗೆ ವಿವರಿಸಬೇಕಾಗಿಲ್ಲ. ಮಳೆ ಹಿಡಿದ ದಿನ ಉಗಿ ಪಾತ್ರೆಯ ಮುಚ್ಚಳ ತೆಗೆದಾಗ ಮುಖಕ್ಕೆ ಹೊಡೆಯುವ ಆ ಬಿಸಿ, ಒದ್ದೆ ಬಟ್ಟೆಯ ಮೇಲೆ ಒಂದಕ್ಕೊಂದು ಅಂಟಿ ಕೂತ ಉಂಡೆಗಳು. ನಮ್ಮಮ್ಮ ಬೆಂದಿದೆಯೋ ಇಲ್ಲವೋ ನೋಡಲು ಬೆರಳು ನೀರಿಗೆ ಅದ್ದಿ ಕಡುಬಿನ ನೆತ್ತಿ ಮುಟ್ಟುತ್ತಿದ್ದರು. ಬೆರಳಿಗೆ ಅಂಟಿದರೆ ಇನ್ನೂ ಐದು ನಿಮಿಷ. ಅವರು ಎಣಿಸಿ ಬಡಿಸಿದ್ದನ್ನು ನಾನು ನೋಡೇ ಇಲ್ಲ.

ಹೋದ ವಾರ ನಾನು ಎಣಿಸಿದೆ. ಅಡುಗೆಮನೆಯ ತಕ್ಕಡಿಯಲ್ಲಿ ಕಾಲು ಕೆಜಿ ಅಕ್ಕಿ ತರಿ ತೂಗಿ, ಎಂದಿನಂತೆ ನೀರು ಕುದಿಸಿ, ಉಪ್ಪು ಹಾಕಿ, ತಿರುವಿ, ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿದೆ. ಹತ್ತು ಕಡುಬು ಬಂತು. ಒಂದೊಂದೂ ಹೆಚ್ಚುಕಡಿಮೆ 75 ಗ್ರಾಂ. ಅಂದರೆ ಒಂದು ಕಡುಬಿನೊಳಗೆ ಇರುವ ಅಕ್ಕಿ 25 ಗ್ರಾಂ, ಉಳಿದದ್ದು ನೀರು. ನೂರು ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟ ಇರುತ್ತದೆ. ಆ ಲೆಕ್ಕಕ್ಕೆ ಒಂದು ಕಡುಬಿಗೆ 20 ಗ್ರಾಂ ಪಿಷ್ಟ, 90 ಕ್ಯಾಲೊರಿ. ನೀವು ನಿಂತು ತಿಂದ ಐದರಲ್ಲಿ 100 ಗ್ರಾಂ.

ಚಿಕ್ಕಮಗಳೂರು ಜಿಲ್ಲೆಯ ತಮಾಷೆಯೆಂದರೆ ಊಟ ನಡುಮಧ್ಯೆ ಸೀಳಿಕೊಂಡಿರುವುದು. ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಕಡುಬು, ರೊಟ್ಟಿ. ಕಡೂರು ಕಡೆಗೆ ಇಳಿದರೆ ಮುದ್ದೆ. ಹಾಸನದಲ್ಲೂ ಅಷ್ಟೇ, ಸಕಲೇಶಪುರ ಒಂದು ಕಡೆ, ಅರಸೀಕೆರೆ ಇನ್ನೊಂದು ಕಡೆ. ನನ್ನ ಚಿಕ್ಕಮ್ಮನನ್ನು ಕಡೂರು ಕಡೆಗೆ ಕೊಟ್ಟಿದ್ದರು. ಮೊದಲ ದಿನ ಮುದ್ದೆಯನ್ನು ಜಗಿದು ತಿಂದಳೆಂದು ಅತ್ತೆಮನೆಯವರು ಇಂದಿಗೂ ನಗುತ್ತಾರೆ. ಅವಳಿಗೆ ಫೋನ್ ಮಾಡಿ, ‘ಚಿಕ್ಕಮ್ಮ, ನಿನ್ನ ಒಂದು ಮುದ್ದೆಗೆ ಎಷ್ಟು ಹಿಟ್ಟು ಹೋಗುತ್ತೆ ತೂಗಿ ಹೇಳು’ ಅಂದೆ. ನಿಂಗೆ ಮಾಡೋಕೆ ಬೇರೆ ಕೆಲಸ ಇಲ್ವಾ ಅಂತ ಬೈದು, ಸಂಜೆ ಹೇಳಿದಳು: 100 ಗ್ರಾಂ ಚಿಲ್ಲರೆ.

ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 67 ಗ್ರಾಂ ಪಿಷ್ಟ. ಅಂದರೆ ಚಿಕ್ಕಮ್ಮನ ಒಂದು ಮುದ್ದೆ ನನ್ನ ಮೂರು ಕಡುಬಿಗಿಂತ ತುಸು ಹೆಚ್ಚೇ. ಒಂದು ಹೊತ್ತಿಗೆ ಅಂಥ ಎರಡು ನುಂಗಿದರೆ 134 ಗ್ರಾಂ. ಅಳು ತರಿಸಿದ ಆ ಐದು ಕಡುಬಿಗಿಂತ ಜಾಸ್ತಿ.

ರಾಗಿಯನ್ನು ಹಳಿಯುತ್ತಿಲ್ಲ. ನಾರಿನಂಶ ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3ರ ಒಳಗೆ. ಕ್ಯಾಲ್ಸಿಯಂ ರಾಗಿಯಲ್ಲಿ 360 ಮಿಲಿಗ್ರಾಂ ಆಸುಪಾಸು, ಅಕ್ಕಿಯಲ್ಲಿ 10 ಕೂಡ ಇಲ್ಲ. ನಿಮ್ಮ ವಯಸ್ಸಿಗೆ ಮೂಳೆಯ ದೃಷ್ಟಿಯಿಂದಲೇ ರಾಗಿ ಬೇಕು. ಆದರೆ ಮಿಲ್ಲಿನಲ್ಲಿ ನುಣ್ಣಗೆ ಬೀಸಿ, ನೀರಿನಲ್ಲಿ ಚೆನ್ನಾಗಿ ಬೇಯಿಸಿ ತಿರುವಿದ ಹಿಟ್ಟಿನ ಪಿಷ್ಟವೂ ಹೊಟ್ಟೆಗೆ ಹೋದ ಮೇಲೆ ಗ್ಲೂಕೋಸ್ ಆಗಿಯೇ ರಕ್ತ ಸೇರುತ್ತದೆ. ಮುದ್ದೆ ತಿಂದರೆ ಸಕ್ಕರೆ ಏರುವುದೇ ಇಲ್ಲ ಅನ್ನುವುದು ಬರೀ ಮಾತು. ಬಯಲುಸೀಮೆಯವರ ತಟ್ಟೆಯಲ್ಲಿ ಮುದ್ದೆಯ ಪಕ್ಕ ಏನಿರುತ್ತದೆ ನೋಡಿ: ಸೊಪ್ಪು, ಅವರೆಕಾಳು, ಹುರುಳಿಕಾಳು ಬೇಯಿಸಿ ಬಸಿದ ಬಸ್ಸಾರು, ಜೊತೆಗೆ ಆ ಬಸಿದ ಕಾಳು-ಸೊಪ್ಪಿನ ಪಲ್ಯ. ಮುದ್ದೆಯ ಅರ್ಧ ಒಳ್ಳೆಯತನ ಅಲ್ಲಿದೆ. ನಮ್ಮ ಕಡೆಯವರು ಮುದ್ದೆಯನ್ನಷ್ಟೇ ಘಟ್ಟ ಹತ್ತಿಸಿಕೊಂಡರು, ಬಸ್ಸಾರನ್ನು ಕಡೂರಿನಲ್ಲೇ ಬಿಟ್ಟು ಬಂದರು. ತೆಳ್ಳನೆ ಟೊಮೆಟೊ ಸಾರಿಗೆ ಮುದ್ದೆ ಅದ್ದಿ ನುಂಗಿ, ಪಥ್ಯ ಮಾಡುತ್ತಿದ್ದೇವೆ ಅಂದುಕೊಳ್ಳುತ್ತಾರೆ.

‘ನಮ್ಮಜ್ಜಿ ಎಂಟು ಕಡುಬು ತಿಂದೂ ತೊಂಬತ್ತು ವರ್ಷ ಬದುಕಿದರು’ ಅನ್ನುವವರು ಎಲ್ಲ ಮನೆಯಲ್ಲೂ ಒಬ್ಬರು ಇರುತ್ತಾರೆ. ನಿಜವೇ ಇರಬಹುದು. ಅಜ್ಜಿ ಕಡುಬು ತಿಂದು ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಗೆ ಇಳಿದರೆ ಸಂಜೆಯವರೆಗೆ ಬಗ್ಗಿ ನಾಟಿ ಮಾಡುತ್ತಿದ್ದರು. ಆ ಗದ್ದೆಯಲ್ಲಿ ಈಗ ಶುಂಠಿಯೋ ಅಡಿಕೆಯೋ ಇದೆ, ನಾವು ಕಣದವರೆಗೂ ಸ್ಕೂಟರಿನಲ್ಲಿ ಹೋಗುತ್ತೇವೆ.

ಹಾಗಾದರೆ ಎಷ್ಟು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ಒಂದು ದಿನದ ತಟ್ಟೆಗೆ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ-ಸೊಪ್ಪು 400 ಗ್ರಾಂ ಎಂದಿದೆ. ಕಾಲು ಕೆಜಿ ಧಾನ್ಯ, ಅಂದರೆ ನಾನು ತೂಗಿದ ಹತ್ತು ಕಡುಬು. ಕೇಳಿ ಖುಷಿಪಡಬೇಡಿ: ಮಧ್ಯಾಹ್ನದ ಅನ್ನ, ರಾತ್ರಿಯ ಮುದ್ದೆ ಎಲ್ಲ ಆ ಹತ್ತರೊಳಗೇ ಬರಬೇಕು. ಕೂತು ಕೆಲಸ ಮಾಡುವ ಹೆಂಗಸಿಗೆ 2000 ಕ್ಯಾಲೊರಿಯೂ ಬೇಕಿಲ್ಲ. ನಿಮಗೆ ನಾನು ಹೇಳುವುದು ತಿಂಡಿಗೆ ಎರಡು, ತೀರಾ ಆಸೆಯಾದ ದಿನ ಮೂರು. ವಾರಕ್ಕೆ ಎರಡು ದಿನ.

ಎರಡು ಕಡುಬಿಗೆ ಹೊಟ್ಟೆ ತುಂಬುವುದಿಲ್ಲ ಅನ್ನುತ್ತೀರಿ, ಗೊತ್ತು. ಬರೀ ಕಾಯಿ ಚಟ್ನಿ ಇಟ್ಟುಕೊಂಡರೆ ಖಂಡಿತ ತುಂಬುವುದಿಲ್ಲ. ಕಾಯಿಯಲ್ಲಿ ಕೊಬ್ಬಿದೆ, ಪ್ರೋಟೀನ್ ಅಷ್ಟಾಗಿ ಇಲ್ಲ. ಜೊತೆಗೆ ಒಂದು ದೊಡ್ಡ ಬಟ್ಟಲು ಹೆಸರುಕಾಳು ಉಸಲಿಯೋ ಹುರುಳಿಕಾಳು ಸಾರೋ ಇರಲಿ, ತಿನ್ನುವವರಾದರೆ ಎರಡು ಮೊಟ್ಟೆ, ಇಲ್ಲವೇ ಕೋಳಿ ಸಾರಿನ ತುಂಡುಗಳು. ಹಿತ್ತಲಿನ ಬಸಳೆ, ಹರಿವೆ, ಮಳೆಗಾಲದ ಅಣಬೆ, ಕಳಲೆ ಪಲ್ಯ ಎಲ್ಲ ಕಡುಬಿನ ಹಳೇ ನೆಂಟರೇ. ತಿನ್ನುವ ವರಸೆಯನ್ನು ಮಾತ್ರ ತಿರುಗಿಸಿ. ಮೊದಲು ಪಲ್ಯ, ಕಾಳು, ಮೊಟ್ಟೆ ಅರ್ಧಕ್ಕರ್ಧ ಮುಗಿಸಿ, ಆಮೇಲೆ ಕಡುಬಿಗೆ ಕೈ ಹಾಕಿ. ಹೀಗೆ ತಿಂದಾಗ ಊಟದ ನಂತರ ಏರುವ ಸಕ್ಕರೆ ಕಡಿಮೆಯಾಗುವುದನ್ನು ಅಧ್ಯಯನಗಳು ತೋರಿಸಿವೆ. ನಾರು, ಪ್ರೋಟೀನ್ ಮೊದಲು ಹೋದರೆ ಜಠರದಿಂದ ಊಟ ನಿಧಾನವಾಗಿ ಕೆಳಗಿಳಿಯುತ್ತದೆ. ತಿಂದು ಎದ್ದ ಮೇಲೆ ಹದಿನೈದು ನಿಮಿಷ ತೋಟದ ಗೇಟಿನವರೆಗೆ ನಡೆದು ಬನ್ನಿ. ನಡೆಯುವ ಕಾಲಿನ ಸ್ನಾಯು ರಕ್ತದಲ್ಲಿರುವ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ.

ಒಂದು ಚಮಚ ತುಪ್ಪ ಇರಲಿ. ಕಡುಬಿಗೆ ಜೋನಿಬೆಲ್ಲ ಸುರಿದುಕೊಳ್ಳುವ ಅಭ್ಯಾಸ ಇದ್ದರೆ ಅದನ್ನು ಮಾತ್ರ ಬಿಡಿ, ಅದಕ್ಕೆ ರಿಯಾಯಿತಿ ಇಲ್ಲ. ಬದಲಿಗೆ ಜೇನುತುಪ್ಪ ಅಂತ ಕೇಳಬೇಡಿ, ಅದೂ ಸಕ್ಕರೆಯೇ.

ತರಿ ಎಷ್ಟು ದಪ್ಪವೋ ಅಷ್ಟು ಒಳ್ಳೆಯದು. ಕಾಳು ಒಡೆದಷ್ಟೂ, ನುಣ್ಣಗಾದಷ್ಟೂ ಜೀರ್ಣರಸಕ್ಕೆ ಪಿಷ್ಟ ಬೇಗ ಸಿಗುತ್ತದೆ. ಹಾಗಾಗಿ ನುಣ್ಣನೆ ಹಿಟ್ಟಿನ ರೊಟ್ಟಿ, ನೀರು ದೋಸೆಗಿಂತ ದಪ್ಪ ತರಿಯ ಕಡುಬು ಒಂದು ಕೂದಲೆಳೆ ಮೇಲು. ರಾಜಮುಡಿಯಂಥ ಪಾಲಿಶ್ ಮಾಡದ ಅಕ್ಕಿ ಸಿಕ್ಕರೆ ಅದನ್ನೇ ತರಿ ಮಾಡಿಸಿ, ನಾರು ಸ್ವಲ್ಪ ಉಳಿಯುತ್ತದೆ. ಉಳಿದ ಕಡುಬನ್ನು ಫ್ರಿಜ್ಜಿನಲ್ಲಿಟ್ಟು ಮರುದಿನ ಪುಡಿ ಮಾಡಿ ಒಗ್ಗರಣೆ ಹಾಕಿಕೊಂಡರೆ, ತಣ್ಣಗಾದಾಗ ಪಿಷ್ಟದ ಒಂದಂಶ ಗಟ್ಟಿಯಾಗಿ ಜೀರ್ಣವಾಗದ ರೂಪಕ್ಕೆ ತಿರುಗಿರುತ್ತದೆ ಅನ್ನುವುದೂ ನಿಜ. ಆದರೆ ಲಾಭ ಚಿಕ್ಕದು. ತಂಗಳು ಕಡುಬು ಅಂತ ಆರು ತಿಂದರೆ ಲೆಕ್ಕ ಅಲ್ಲಿಗೇ ಮುಗಿಯಿತು.

ನನ್ನ ಮಾತನ್ನೂ ನಂಬಬೇಕಿಲ್ಲ. ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ಒಂದು ಭಾನುವಾರ ಹಳೇ ರೀತಿಯಲ್ಲಿ ತಿಂದು, ಮೊದಲ ತುತ್ತಿಟ್ಟ ಎರಡು ಗಂಟೆಗೆ ಬೆರಳು ಚುಚ್ಚಿ ನೋಡಿ. ಮುಂದಿನ ಭಾನುವಾರ ಎರಡು ಕಡುಬು, ಕಾಳು, ಪಲ್ಯ, ನಡಿಗೆ. ಮತ್ತೊಂದು ದಿನ ನಿಮ್ಮ ಈಗಿನ ಮುದ್ದೆ. ಸಾಮಾನ್ಯವಾಗಿ ಎರಡು ಗಂಟೆಗೆ 140ರ ಕೆಳಗಿದ್ದರೆ ಒಳ್ಳೆಯದು. ಮೂರು ಸಂಖ್ಯೆಯನ್ನೂ ಕ್ಯಾಲೆಂಡರಿನ ಮೇಲೆ ಬರೆದಿಡಿ, ನೆಂಟರ ಬಾಯಿ ಮುಚ್ಚಿಸಲು ಬೇಕಾಗುತ್ತದೆ. ಇದನ್ನು ಓದುತ್ತಿರುವ ಬೇರೆಯವರಿಗೆ ಒಂದು ಎಚ್ಚರಿಕೆ: ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಏಕಾಏಕಿ ಅನ್ನ, ಕಡುಬು ಕಡಿಮೆ ಮಾಡಿದರೆ ಸಕ್ಕರೆ ತೀರಾ ಕೆಳಗೆ ಬಿದ್ದು ಕಣ್ಣು ಕತ್ತಲೆ ಬರಬಹುದು. ಮೊದಲು ಡಾಕ್ಟರನ್ನು ಕೇಳಿ.

ಹಾಸನದವರೂ ಇದೇ ಪ್ರಶ್ನೆಯನ್ನು ಆಲೂಗಡ್ಡೆ ಹಿಡಿದು ಕೇಳುತ್ತಾರೆ, ಬೆಳೆಯುವ ಊರಲ್ಲವೇ. ನೂರು ಗ್ರಾಂ ಬೇಯಿಸಿದ ಆಲೂಗಡ್ಡೆಯಲ್ಲಿ ಸುಮಾರು 20 ಗ್ರಾಂ ಪಿಷ್ಟ, ಒಂದು ಕಡುಬಿನಷ್ಟೇ. ಅದನ್ನು ತರಕಾರಿಯ ಲೆಕ್ಕಕ್ಕೆ ಸೇರಿಸದೆ ಕಡುಬಿನ ಲೆಕ್ಕಕ್ಕೆ ಸೇರಿಸಿಕೊಂಡರೆ ಆಯಿತು. ಅಕ್ಕಿ ರೊಟ್ಟಿಗೆ ಆಲೂಗಡ್ಡೆ ಪಲ್ಯ ಅಂದರೆ ಕಡುಬಿಗೆ ಕಡುಬು ನಂಜಿಕೊಂಡ ಹಾಗೆ.

ಇನ್ನು ಕಾಫಿ. ನೀವು ಬರೆದಿಲ್ಲ, ಆದರೆ ಮೂಡಿಗೆರೆಯವರು ಅಂದ ಮೇಲೆ ಕೇಳದೆ ಇರಲಾರೆ. ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ, ಚಮಚಕ್ಕೆ 5 ಗ್ರಾಂ. ಒಟ್ಟು 50 ಗ್ರಾಂ, ಎರಡೂವರೆ ಕಡುಬು. ತೋಟಕ್ಕೆ ಬಂದವರ ಜೊತೆ ಕುಡಿದದ್ದು, ಪಕ್ಕದ ಮನೆಯಲ್ಲಿ ಕುಡಿದದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಕಡುಬು ಬಿಟ್ಟು ಕಣ್ಣೀರು ಹಾಕುತ್ತಾ ಸಿಹಿ ಕಾಫಿ ಹೀರುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ವಾರಕ್ಕೆ ಅರ್ಧ ಚಮಚದಂತೆ ಇಳಿಸುತ್ತಾ ಬನ್ನಿ, ತಿಂಗಳೊಳಗೆ ನಾಲಿಗೆ ಒಗ್ಗುತ್ತದೆ.

ಆ ಭಾನುವಾರದ ಬಗ್ಗೆ ಇಷ್ಟು. ಮೂರು ವಾರ ಬಾಯಿ ಕಟ್ಟಿದ್ದಕ್ಕೇ ಐದು ಹೋಯಿತು. ಇನ್ನು ಮೇಲೆ ಕಡುಬಿನ ದಿನ ಎಲ್ಲರ ಜೊತೆ ಕೂತು, ತಟ್ಟೆಗೆ ಹಾಕಿಕೊಂಡು ತಿನ್ನಿ. ಸೊಸೆಯೋ ಮಗಳೋ ಬಡಿಸಿದರೆ ಎರಡಾದ ಮೇಲೆ ಪಾತ್ರೆಯನ್ನು ಒಳಗೆ ಇಡಲು ಹೇಳಿ. ಮೂರು ತಿಂಗಳು ಕಳೆದು ಮತ್ತೆ ಪರೀಕ್ಷೆ ಮಾಡಿಸಿದಾಗ ಬಂದ ಸಂಖ್ಯೆಯನ್ನು ನನಗೆ ಬರೆಯಿರಿ. ಮುದ್ದೆ ಎಷ್ಟು ಗ್ರಾಂ ಇತ್ತು ಅನ್ನುವುದನ್ನೂ ಈ ಸಲ ಮರೆಯದೆ ಬರೆಯಿರಿ.