ಬೇನೆಯ ಹೆಸರು ಒಂದು, ವೈರಸ್ ಏಳು

ಎಮ್ಮೆ ಜೊಲ್ಲು ಸುರಿಸುತ್ತ ಕಾಲು ಕೊಡವತೊಡಗಿತೆಂದರೆ ಮುಂಬಯಿ ಗೋರೆಗಾಂವ್‌ನ ಆರೆ ಕಾಲೊನಿಯ ತಬೇಲಗಳಲ್ಲಿ, ಅಂದರೆ ಎಮ್ಮೆ ಕೊಟ್ಟಿಗೆಗಳಲ್ಲಿ, ‘ಲಾಳ ಖುರಕತ’ ಅನ್ನುತ್ತಾರೆ. ಅಲ್ಲಿ ಹಾಲು ಕೊಳ್ಳುವ ಕನ್ನಡಿಗರ ಊರ ಕಡೆ ಅದೇ ಕಾಲುಬಾಯಿ ಬೇನೆ. ಎರಡೂ ಕಡೆ ಕೇಳುವ ಮಾತು ಮಾತ್ರ ಒಂದೇ: ‘ಸೂಜಿ ಹಾಕಿಸಿದರೂ ಬಂತು. ಸೂಜಿಯಲ್ಲಿ ಏನಿದೆ, ಇದು ಮಾರಿಯ ಸಿಟ್ಟು.’ ಇಂಥ ಮಾತು ಹಬ್ಬಿದ ಕೊಟ್ಟಿಗೆಗೆ ಮುಂದಿನ ಸುತ್ತಿನ ಲಸಿಕೆಯೂ ಹೋಗುವುದಿಲ್ಲ ಅನ್ನುವುದೇ ಸಂಕಟ.

ಈ ಬೇನೆ ಬ್ಯಾಕ್ಟೀರಿಯಾ ಸೋಸುವ ಜರಡಿಯನ್ನೂ ದಾಟುತ್ತದೆಂದು 1898ರ ಹೊತ್ತಿಗೇ ಜರ್ಮನಿಯ ಲೋಫ್ಲರ್ ಮತ್ತು ಫ್ರಾಷ್ ತೋರಿಸಿದ್ದರು. ಪ್ರಾಣಿಗಳಲ್ಲಿ ಮೊದಲು ಗುರುತಿಸಿದ ವೈರಸ್ ಇದೇ. 1922ರಲ್ಲಿ ಫ್ರಾನ್ಸಿನ ವಾಲೆ ಮತ್ತು ಕಾರೆ ಇನ್ನೊಂದು ಗುಟ್ಟು ಬಿಡಿಸಿದರು: ಒಂದು ಕಡೆಯ ಬೇನೆಯಿಂದ ಚೇತರಿಸಿಕೊಂಡ ದನ ಇನ್ನೊಂದು ಕಡೆಯ ಬೇನೆಗೆ ಮತ್ತೆ ಬೀಳುತ್ತಿತ್ತು. ವಾಜ್ (Oise) ಜಿಲ್ಲೆಯದಕ್ಕೆ ‘ಒ’ ಎಂದೂ, ಅಲ್ಮಾಞ್, ಅಂದರೆ ಜರ್ಮನಿಯದಕ್ಕೆ ‘ಎ’ ಎಂದೂ ಹೆಸರಾಯಿತು. ಮುಂದೆ ‘ಸಿ’, ಆಫ್ರಿಕಾದ ಮೂರು ‘ಸ್ಯಾಟ್’, ‘ಏಷ್ಯಾ-1’ ಸೇರಿ ಏಳಾದವು. ಚರ್ಚ್‌ಗೇಟ್ ಪಾಸು ಹಿಡಿದು ಕಲ್ಯಾಣದ ಗಾಡಿ ಹತ್ತಿದರೆ ಟಿಸಿ ಬಿಡುವುದಿಲ್ಲವಲ್ಲ, ಹಾಗೆ ಒಂದರ ರಕ್ಷಣೆ ಇನ್ನೊಂದಕ್ಕೆ ನಡೆಯದು. ಭಾರತದಲ್ಲಿ ‘ಸಿ’ ಕೊನೆಗೆ ಕಂಡದ್ದು 1995ರಲ್ಲಿ. ಹಾಗಾಗಿ ನಮ್ಮ ಲಸಿಕೆಯಲ್ಲಿ ಈಗ ಒ, ಎ, ಏಷ್ಯಾ-1 ಮೂರೇ.

ನಿಜವಾದ ಸೊಗಸು ಇರುವುದು ಒಂದೇ ಬಗೆಯ ಒಳಗಿನ ತಳಿಗಳಲ್ಲಿ. ವೈರಸ್ಸಿನ ಚಿಪ್ಪಿನ ಮೇಲೆ 60 ಪ್ರೋಟೀನ್ ಕುಣಿಕೆಗಳು ಹೊರಚಾಚಿರುತ್ತವೆ. ಪ್ರತಿ ಕುಣಿಕೆಯ ನಡುವಿನ ಮೂರು ಅಮೈನೊ ಆಮ್ಲಗಳಿಂದಲೇ (ಆರ್ಜಿನಿನ್, ಗ್ಲೈಸಿನ್, ಆಸ್ಪಾರ್ಟಿಕ್ ಆಮ್ಲ) ವೈರಸ್ ದನದ ಜೀವಕೋಶವನ್ನು ಹಿಡಿಯುವುದು. ಆ ಮೂರು ಸಾಮಾನ್ಯವಾಗಿ ಕದಲುವುದಿಲ್ಲ, ಅಕ್ಕಪಕ್ಕದವು ಬದಲಾಗುತ್ತಲೇ ಇರುತ್ತವೆ. ಅಗುಳಿ ತೆಗೆಯುವ ಬೆರಳು ಹಾಗೇ ಇರಬೇಕು, ಕೈಯ ಬಳೆ ದಿನಕ್ಕೊಂದು ಹಾಕಬಹುದು. ಲಸಿಕೆಯಿಂದ ದನದ ರಕ್ತದಲ್ಲಿ ಹುಟ್ಟುವ ಪ್ರತಿಕಾಯ ಗುರುತು ಹಿಡಿಯುವುದು ಬಹುಮಟ್ಟಿಗೆ ಬಳೆಯನ್ನು! ಸುಮಾರು 8,300 ಅಕ್ಷರಗಳ ಆರ್‌ಎನ್‌ಎಯನ್ನು ನಕಲು ಮಾಡುವ ಕಿಣ್ವಕ್ಕೆ ತಪ್ಪು ತಿದ್ದುವ ಅಭ್ಯಾಸವೇ ಇಲ್ಲ, ಆದ್ದರಿಂದ ಬಳೆಗಳಿಗೆ ಬರವಿಲ್ಲ. ಕುಣಿಕೆಯಾಚೆಗೂ ಇದು ನಡೆಯುತ್ತದೆ: ನಮ್ಮ ‘ಎ’ ಬಗೆಯ ಒಂದು ಕವಲಿನಲ್ಲಿ ಚಿಪ್ಪಿನ ವಿಪಿ3 ಎಂಬ ಪ್ರೋಟೀನಿನ 59ನೇ ಅಮೈನೊ ಆಮ್ಲವೇ ಉದುರಿಹೋಗಿದೆ.

ಎಷ್ಟು ಬದಲಾಯಿತೆಂದು ಅಳೆಯಲೂ ದಾರಿಯಿದೆ. ಲಸಿಕೆ ಪಡೆದ ದನದ ಸೀರಮ್ಮನ್ನು (ರಕ್ತದ ತಿಳಿಯನ್ನು) ಇಮ್ಮಡಿ ಇಮ್ಮಡಿಯಾಗಿ ತೆಳುಮಾಡುತ್ತ ಹೋಗಿ, ಯಾವ ಹಂತದವರೆಗೆ ವೈರಸ್ಸನ್ನು ತಡೆಯುತ್ತದೆಂದು ಜೀವಕೋಶಗಳ ಮೇಲೆ ನೋಡುತ್ತಾರೆ. ಲಸಿಕೆಯ ವೈರಸ್ಸನ್ನು 256 ಪಟ್ಟು ತೆಳುವಾದರೂ ತಡೆದ ಸೀರಮ್, ಹೊರಗಿನ ವೈರಸ್ಸಿನ ಎದುರು 32ಕ್ಕೇ ಕೈಚೆಲ್ಲಿತು ಅನ್ನೋಣ. 32ನ್ನು 256ರಿಂದ ಭಾಗಿಸಿದರೆ 0.125. ಇದಕ್ಕೆ ‘ಆರ್ ಬೆಲೆ’ ಎಂದು ಹೆಸರು. 0.3 ದಾಟಿದರೆ ಲಸಿಕೆ ಹೊಂದುತ್ತದೆ, ಅದಕ್ಕಿಂತ ಕೆಳಗಾದರೆ ಲಸಿಕೆಯ ತಳಿಯನ್ನೇ ಬದಲಿಸುವ ಯೋಚನೆ ಮಾಡಬೇಕು.

ಆದರೆ ಎಲ್ಲ ಸೋಲನ್ನೂ ತಳಿಯ ತಲೆಗೆ ಕಟ್ಟಬಾರದು. 2ರಿಂದ 8 ಡಿಗ್ರಿಯಲ್ಲಿರಬೇಕಾದ ಬಾಟಲಿ ಹೆಪ್ಪುಗಟ್ಟಿದ್ದರೆ ಎಣ್ಣೆಯ ಮಿಶ್ರಣ ಒಡೆದಿರುತ್ತದೆ. ಇಲ್ಲವೇ ಕರುವಿಗೆ ನಾಲ್ಕನೇ ತಿಂಗಳ ಸೂಜಿಯಾಗಿ ತಿಂಗಳಾದ ಮೇಲಿನ ಬೂಸ್ಟರು, ಆಮೇಲೆ ಆರು ತಿಂಗಳಿಗೊಮ್ಮೆಯ ಸುತ್ತು ತಪ್ಪಿರುತ್ತದೆ.

ಯಾವುದು ನಿಜವೆಂದು ಹೇಳಬಲ್ಲದ್ದು ಸ್ಯಾಂಪಲ್ ಮಾತ್ರ. ಆಗತಾನೇ ಒಡೆದ ನಾಲಿಗೆಯ ಗುಳ್ಳೆಯ ಸಿಪ್ಪೆ, ಕನಿಷ್ಠ 1 ಗ್ರಾಂ, ಪಶುವೈದ್ಯರ ಕೈಯಿಂದ ತೆಗೆಸಬೇಕು. ಗ್ಲಿಸರಿನ್ ಮತ್ತು ಫಾಸ್ಫೇಟ್ ಬಫರ್ ಸಮಸಮ ಬೆರೆಸಿದ ದ್ರವದಲ್ಲಿ ಅದನ್ನು ಮುಳುಗಿಸಿಡಬೇಕು, ಪಿಎಚ್ 7.2ರಿಂದ 7.6 ಇರಲಿ, ಹುಳಿಯಾದರೆ ಚಿಪ್ಪು ಬಿಚ್ಚಿಹೋಗುತ್ತದೆ. ಫಾರ್ಮಲಿನ್ ಹಾಕಿದರಂತೂ ವೈರಸ್ ಸತ್ತು, ಅದನ್ನು ಬೆಳೆಸಿ ಆರ್ ಬೆಲೆ ತೆಗೆಯುವ ಮಾತೇ ಇಲ್ಲ. ಡಬ್ಬಿಯ ಚೀಟಿಯಲ್ಲಿ ಕೊನೆಯ ಲಸಿಕೆಯ ತಾರೀಕು, ಬ್ಯಾಚ್ ನಂಬರಿನ ಜೊತೆ ಎಮ್ಮೆ ಎಲ್ಲಿಂದ ಬಂತೆಂದೂ ಬರೆಯಬೇಕು. ಮುಂಬಯಿಯ ತಬೇಲಗಳಿಗೆ ಹರಿಯಾಣದಿಂದ ಮುರ್ರಾ, ಗುಜರಾತಿನಿಂದ ಜಾಫರಾಬಾದಿ ಲಾರಿಯಲ್ಲಿ ಬರುತ್ತವೆ. ಆ ಕಡೆಯ ವೈರಸ್ಸಿಗೂ ಅದೇ ಲಾರಿ.